ನಾಲ್ಕನೆಯ ರಾಡಿನ ಸದ್ದು

ಕಾರ್ತಿಕ ಮುಗಿಯುತ್ತ ಬಂದು ರಾಗಿ ಹೊಲದಿಂದ ಟಾರು ರಸ್ತೆಗೆ ಬಂದಿತ್ತು. ಮುಳಬಾಗಿಲಿನಿಂದ ಕೋಲಾರದ ಕಡೆಗೆ ಹೋಗುವ ಹೆದ್ದಾರಿಯ ಮೇಲೆ ಅಲ್ಲಲ್ಲಿ ತೆನೆಹುಲ್ಲನ್ನು ಮೊಣಕಾಲುದ್ದ ಹರವಿ, ಎರಡು ತುದಿಗೂ ಕಲ್ಲಿಟ್ಟು, ಹೋಗಿಬರುವ ಲಾರಿಗಳಿಂದ ಬಿಟ್ಟಿಯಾಗಿ ಒಕ್ಕಣೆ ಮಾಡಿಸಿಕೊಳ್ಳುವ ಕೆಲಸ ಬೆಳಗಿನಿಂದಲೇ ನಡೆದಿತ್ತು. ಒಂದೊಂದು ಲಾರಿ ಹಾದಾಗಲೂ ಹೊಟ್ಟು ಎದ್ದು, ರಸ್ತೆ ಪಕ್ಕದ ಮುನಿಯಲ್ಲಪ್ಪನ ತಗಡಿನ ಶೆಡ್ಡಿಗೆ ನುಗ್ಗಿ, ಗ್ರೀಸಿನ ಡಬ್ಬದ ಮೇಲೂ ಅವನ ರೆಪ್ಪೆಯ ಮೇಲೂ ಒಂದೇ ಸಮನಾಗಿ ಕೂರುತ್ತಿತ್ತು. ಒಳಗೆ ನಿಂತಿದ್ದ ಕಾರಿನ ಎರಡು ಕಾರ್ಬುರೇಟರುಗಳ ಬಾಯಿಗೆ ಅವನು ಹೆಂಡತಿಯ ಹಳೆಯ ಸೀರೆಯ ತುಂಡು ಕಟ್ಟಿದ್ದ. ಹತ್ತು ಗಂಟೆಗೆ ಕಾರಿನ ಯಜಮಾನ ಬರುವವನಿದ್ದ. ಕೆಲಸವೇನೂ ಉಳಿದಿರಲಿಲ್ಲ. ಆದರೂ ಮುನಿಯಲ್ಲಪ್ಪ ಬಿಗಿದ ಬೋಲ್ಟನ್ನೇ ಬಿಗಿಯುತ್ತ, ಒರೆಸಿದ್ದನ್ನೇ ಒರೆಸುತ್ತ ಇಂಜಿನ್ನಿನ ಸುತ್ತ ಸುಳಿದಾಡುತ್ತಿದ್ದ; ಮದುವೆ ಮನೆಯಲ್ಲಿ ಏನನ್ನೋ ಒಡೆದುಹಾಕಿ, ಯಾರಿಗೂ ಕಾಣದಿರಲೆಂದು ಅದರ ಮುಂದೆಯೇ ನಿಂತಿರುವ ನೆಂಟನ ಹಾಗೆ.

ಕಾರು ಶ್ರೀನಿವಾಸಪುರದ ಮಾವಿನ ಮಂಡಿಯ ಶ್ರೀನಿವಾಸಪ್ಪನದು. ಫೆಬ್ರವರಿಯಲ್ಲಿ ಮದ್ರಾಸಿನಾಚೆ ಶೋಲಾವರಂನಲ್ಲಿ ನಡೆಯುವ ರೇಸಿನಲ್ಲಿ ಅದನ್ನು ಓಡಿಸಬೇಕೆಂಬುದು ಅವನ ಹುಚ್ಚು. ಕಂಪನಿಯಿಂದ ಹೊರಬಿದ್ದಾಗ ಆ ಇಂಜಿನ್ನಿಗಿದ್ದದ್ದು ನಲವತ್ತು ಕುದುರೆಯ ಬಲ. ಮುನಿಯಲ್ಲಪ್ಪ ಮೂರು ತಿಂಗಳು ಕೂತು, ಹೆಡ್ಡನ್ನು ಬೆಂಗಳೂರಿನಲ್ಲಿ ಹೆರೆಸಿ ತೆಳುಮಾಡಿ, ಗಾಳಿ ಹೋಗುವ ದಾರಿಗಳನ್ನು ಒಳಗಿನಿಂದ ಉಜ್ಜಿ ನುಣುಪುಮಾಡಿ, ಇನ್ನೊಂದು ಕಾರ್ಬುರೇಟರು ಕೂರಿಸಿ ಅದನ್ನು ಎಂಬತ್ತಕ್ಕೆ ಏರಿಸಿದ್ದ. ಎಂಬತ್ತು ಎಂದು ಶ್ರೀನಿವಾಸಪ್ಪ ಹೇಳಿಕೊಂಡು ತಿರುಗುತ್ತಿದ್ದ. ಅಳೆಯುವ ಯಂತ್ರ ಮೂರು ತಾಲ್ಲೂಕಿನಲ್ಲಿ ಯಾರ ಬಳಿಯೂ ಇರಲಿಲ್ಲವಾದ್ದರಿಂದ ಯಾರೂ ಜಗಳಕ್ಕೆ ಬರಲಿಲ್ಲ. ಬದಲಾಗದೆ ಉಳಿದದ್ದು ಒಳಗಿನ ಸಾಮಾನು: ಕ್ರ್ಯಾಂಕು, ಪಿಸ್ಟನ್ನು, ಇವೆರಡನ್ನೂ ಸೇರಿಸುವ ಗೇಣುದ್ದದ ನಾಲ್ಕು ಉಕ್ಕಿನ ರಾಡುಗಳು. ಅವೆಲ್ಲ ಕಂಪನಿಯವೇ. ಹೊರದೇಶದಲ್ಲಿ ರೇಸಿಗೆಂದೇ ಬಡಿದು ಮಾಡಿದ ರಾಡು ಸಿಗುತ್ತವೆಂದು ಶ್ರೀನಿವಾಸಪ್ಪ ಒಂದು ಪುಸ್ತಕ ತಂದು ಚಿತ್ರ ತೋರಿಸಿದ್ದ. ಇಬ್ಬರೂ ಆ ಚಿತ್ರವನ್ನು ಬಹಳ ಹೊತ್ತು ನೋಡಿ ಪುಸ್ತಕ ಮುಚ್ಚಿದ್ದರು.

"ಕಂಪನಿದು ತಡೀತದೇನಣ್ಣ?" ಎಂದು ಅವತ್ತು ಅವನು ಕೇಳಿದ್ದು ಬಲಗಡೆಯಿಂದ. ಮುನಿಯಲ್ಲಪ್ಪನಿಗೆ ಚೆನ್ನಾಗಿ ಕೇಳಿಸಿತ್ತು. ತಣ್ಣಗೆ ಕೂತು ವಿವರಿಸಿದ್ದ. "ನೋಡು ಶೀನಪ್ಪ, ರಾಡು ಏಟಿಗೆ ಸಾಯಲ್ಲ, ಎಳೆತಕ್ಕೆ ಸಾಯ್ತದೆ. ಬಾವೀಲಿ ಬಿಂದಿಗೆ ಸೇದ್ತೀಯಲ್ಲ, ಮೇಲಕ್ಕೆ ಬರೋ ಬಿಂದಿಗೇನ ತಟ್ಟಂತ ಕೆಳಕ್ಕೆಳೆದ್ರೆ ಹಗ್ಗ ಏನಾಗ್ತದೆ? ಪಿಸ್ಟನ್ನು ಮೇಲಕ್ಕೋಗಿ ತಿರುಗೋ ಜಾಗದಲ್ಲಿ ರಾಡಿಗೆ ಅದೇ ಗತಿ, ನಿಮಿಷಕ್ಕೆ ಏಳು ಸಾವಿರ ಸಲ. ಕಂಪನಿಯೋನು ನಲವತ್ತಕ್ಕೆ ಅಂತ ಮಾಡಿದ್ರೂ ಅರವತ್ತರ ಗಟ್ಟಿ ಇಟ್ಟಿರ್ತಾನೆ. ನಾವು ಉಜ್ಜಿ ಗೀರೆಲ್ಲ ತೆಗೆದು, ತೂಕ ಸಮ ಮಾಡಿದ್ರೆ ಇನ್ನಷ್ಟು. ಆದ್ರೆ ಒಳಗೆಲ್ಲೂ ಬಿರುಕಿರಬಾರದು." ನಾಲ್ಕು ರಾಡನ್ನೂ ಉಜ್ಜಿ, ಅಕ್ಕಸಾಲಿಯ ತಕ್ಕಡಿಯಲ್ಲಿಟ್ಟು ಗುಲಗಂಜಿಯಷ್ಟೂ ವ್ಯತ್ಯಾಸವಿಲ್ಲದಂತೆ ಸಮ ಮಾಡಿದ. ಆಮೇಲೆ ಬಿರುಕಿನ ಪರೀಕ್ಷೆ. ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಸೀಮೆಸುಣ್ಣದ ಪುಡಿ ಬಳಿದರೆ ಬಿರುಕಿದ್ದ ಕಡೆ ಎಣ್ಣೆ ಒಸರಿ ಗೆರೆ ಕಾಣುತ್ತದೆ. ಆದರೆ ಅದು ಕಿವಿಯಿಲ್ಲದವರ ಕೆಲಸವೆಂದು ಮುನಿಯಲ್ಲಪ್ಪ ಇಪ್ಪತ್ತೈದು ವರ್ಷದಿಂದ ಹೇಳಿಕೊಂಡು ಬಂದಿದ್ದ. ಅವನದು ಬೇರೆ ದಾರಿ. ರಾಡನ್ನು ದಾರದಲ್ಲಿ ಕಟ್ಟಿ ತೊಲೆಗೆ ನೇತುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟುವುದು. ಗಟ್ಟಿ ಉಕ್ಕು ಹಾಡುತ್ತದೆ. ಬಿರುಕು ಬಿಟ್ಟದ್ದು ಕೆಮ್ಮುತ್ತದೆ.

ಹನ್ನೆರಡು ದಿನದ ಹಿಂದೆ ನಾಲ್ಕು ರಾಡುಗಳು ಹಾಗೆ ತೊಲೆಯಿಂದ ತೂಗುತ್ತಿದ್ದವು. ಮೊದಲನೆಯದನ್ನು ತಟ್ಟಿದ. ಟಣ್ಣೆಂದಿತು. ಎರಡನೆಯದೂ ಅಷ್ಟೇ, ಅಥವಾ ಅಷ್ಟೇ ಎಂದು ಅವನು ತಲೆಯಾಡಿಸಿ ಮುಂದೆ ಹೋದ. ಮೂರನೆಯದು ಸರಿ. ನಾಲ್ಕನೆಯದು ಟಕ್ ಎಂದಿತು. ಮತ್ತೆ ತಟ್ಟಿದ, ಏನೂ ಕೇಳಿಸಲಿಲ್ಲ. ದಾರ ಹಿಡಿದು ತಿರುಗಿಸಿ, ತಾನೂ ಒಂದು ಸುತ್ತು ತಿರುಗಿ, ಬಲಗಿವಿ ಕೊಟ್ಟು ತಟ್ಟಿದ. ಅಷ್ಟರಲ್ಲಿ ರಸ್ತೆಯ ಮೇಲೆ ಲಾರಿಯೊಂದು ಹಾರನ್ನು ಒತ್ತಿಕೊಂಡು ಹೋಯಿತು. ಕೆಮ್ಮಿದ್ದು ರಾಡೋ ತನ್ನ ಕಿವಿಯೋ ಎಂದು ಅವನು ಸುತ್ತಿಗೆ ಹಿಡಿದು ನಿಂತಿದ್ದಾಗ ಎಡಗಡೆ ಒಂದು ನೆರಳು ಬಿತ್ತು, ಒಂದು ಬಾಯಿ ಆಡಿತು. ಮುನಿಯಲ್ಲಪ್ಪ ಎಂದಿನ ಹಾಗೆ, "ಹೂಂ" ಎಂದ. ನೆರಳು ಖುಷಿಯಿಂದ ಅವನ ಬೆನ್ನು ತಟ್ಟಿ ಹೋಯಿತು. ಶ್ರೀನಿವಾಸಪ್ಪ ಏನು ಕೇಳಿದ್ದನೆಂಬುದು ಗೊತ್ತಾದದ್ದು ಎರಡು ದಿನ ಕಳೆದು, ಅವನು ಕಳಿಸಿದ ಜಿಲೇಬಿಯ ಪೊಟ್ಟಣ ಬಿಚ್ಚುತ್ತ ಹೆಂಡತಿ ಆಂಜಿನಮ್ಮ, "ನಾಲ್ಕೂ ಗಟ್ಟಿಯಾಗವೆ ಅಂದ್ಯಂತೆ, ಮಂಡಿಯೋರ ಮಗ ಕುಣೀತಾ ಹೋದ" ಎಂದಾಗ.

ಜಿಲೇಬಿ ತಿಂದಾಗಿತ್ತು. ಆ ಮೇಲೆ ಮತ್ತೆ ತಟ್ಟಿ ನೋಡುವುದೆಂದರೆ ಯಾಕೆ ಎಂದು ಯಾರಾದರೂ ಕೇಳುತ್ತಾರೆ. ಅವನು ನಾಲ್ಕನ್ನೂ ಒಳಗೆ ಸೇರಿಸಿ ಇಂಜಿನ್ನು ಮುಚ್ಚಿಬಿಟ್ಟ. ಮುಚ್ಚಿದ ಮೇಲೆ ಎಲ್ಲವೂ ಕಂಪನಿದೇ, ಎಲ್ಲವೂ ಗಟ್ಟಿಯೇ.

ಎಡಗಿವಿ ಹೋದದ್ದು ಒಂದು ದಿನದಲ್ಲಲ್ಲ. ಓಡುವ ಇಂಜಿನ್ನಿನ ಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯಿಟ್ಟು ಹಿಡಿಕೆಯನ್ನು ಎಡಗಿವಿಗೆ ಒತ್ತಿ, ಒಳಗಿನ ಗುಟ್ಟು ಕೇಳಿಸಿಕೊಳ್ಳುತ್ತಲೇ ಅವನು ಹೆಸರು ಮಾಡಿದ್ದು. ಅಷ್ಟೂ ಲಾರಿಗಳು ತಮ್ಮ ಗುಟ್ಟು ಹೇಳಿ ಹೇಳಿ ಆ ಕಿವಿಯನ್ನು ತುಂಬಿಸಿಬಿಟ್ಟವೋ ಏನೋ, ಎರಡು ವರ್ಷದಿಂದ ಅದರಲ್ಲಿ ಇನ್ನೇನೂ ಹಿಡಿಯುತ್ತಿರಲಿಲ್ಲ. ಇದು ಯಾರಿಗೂ ಗೊತ್ತಿಲ್ಲವೆಂದು ಅವನ ನಂಬಿಕೆ. ಏನು ಎಂದು ಕೇಳಿದರೆ ತಾನೆ ಗೊತ್ತಾಗುವುದು? ಅವನು ಕೇಳುತ್ತಿರಲಿಲ್ಲ. ಎಡಗಡೆಯಿಂದ ಬಂದದ್ದಕ್ಕೆಲ್ಲ ಹೂಂ ಎನ್ನುತ್ತಿದ್ದ. ಹೀಗೆ ಹೂಂ ಎಂದು ಅವನು ಭಜನೆ ಮಂಡಳಿಯ ಕಾರ್ಯದರ್ಶಿಯಾಗಿದ್ದ. ಹೂಂ ಎಂದು ಒಂದು ಹೋತ ದಾನ ಮಾಡಿದ್ದ. ಹೂಂ ಎಂದದ್ದರಿಂದಲೇ ಬೈರಕೂರಿನ ಅತ್ತೆ ಯುಗಾದಿಗೆ ಬಂದವಳು ಗೌರಿ ಹಬ್ಬ ಮುಗಿಸಿಕೊಂಡು ಹೋಗಿದ್ದಳು. ಊರಿನಲ್ಲಿ ಅವನಿಗೆ ಒಳ್ಳೆಯವನೆಂಬ ಹೆಸರು ಬಂದಿತ್ತು. ಆ ಹೆಸರಿನ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಈಗ ಆಂಜಿನಮ್ಮ ಶೆಡ್ಡಿನ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಇಂಜಿನ್ನಿನ ಕಡೆಗೆ ಅವಳ ಬೆನ್ನು. ಎಂಟು ವರ್ಷದಿಂದ ಹಾಗೆಯೇ. ಅಂದು ಟೊಮೇಟೊ ತುಂಬಿದ ಲಾರಿಯೊಂದು ಮದ್ರಾಸಿಗೆ ಹೊರಟು ಇದೇ ಜಾಗದಲ್ಲಿ ನಿಂತಿತ್ತು. ಅವಳು ಮುದ್ದೆಯ ಬುತ್ತಿ ತಂದವಳು ಒಂದು ಗಳಿಗೆ ನಿಂತು, "ಒಳಗೆ ಯಾರೋ ಹಲ್ಲು ಕಡಿದಂಗೆ ಕೇಳಿಸ್ತದೆ" ಎಂದಳು. ಡ್ರೈವರೂ ಕ್ಲೀನರೂ ನೋಡುತ್ತಿದ್ದರು. ಮುನಿಯಲ್ಲಪ್ಪ, "ನೀನು ಸಂತೇಲಿ ಮಡಕೆ ತಟ್ಟಿ ನೋಡ್ಕೋ ಹೋಗೇ" ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಅದೇ ಕಷ್ಟ. ಸಂಜೆಯೊಳಗೆ ಆ ಲಾರಿ ನಂಗಲಿಯ ಹತ್ತಿರ ಬೇರಿಂಗು ಕಚ್ಚಿ ನಿಂತು, ಟೊಮೇಟೊ ಕೊಳೆತು ರಸ್ತೆಗೆ ಹರಿಯಿತು. ಡ್ರೈವರ್ ಆಯಿಲ್ ನೋಡಿಕೊಂಡಿರಲಿಲ್ಲವೆಂದು ಅವನು ಮನೆಯಲ್ಲಿ ಹೇಳಿದ. ಅವಳು ಈರುಳ್ಳಿ ಹೆಚ್ಚುತ್ತಿದ್ದಳು, ಹೆಚ್ಚುತ್ತಲೇ ಇದ್ದಳು. ಅಂದಿನಿಂದ ಅವಳು ಯಾವ ಇಂಜಿನ್ನಿನ ಬಗ್ಗೆಯೂ ಒಂದು ಮಾತಾಡಿದವಳಲ್ಲ. ಅವನು ಹೇಳಬೇಕಾಗಿದ್ದ ಮಾತೊಂದು ಅಲ್ಲೇ ಬಾಕಿ ಉಳಿದಿತ್ತು.

ಶ್ರೀನಿವಾಸಪ್ಪ ಹತ್ತೂವರೆಗೆ ಬಸ್ಸಿನಿಂದಿಳಿದ. ಕಂಕುಳಲ್ಲಿ ಕೆಂಪು ಹೆಲ್ಮೆಟ್ಟು. ಬಸ್ಸಿನ ಕಿಟಕಿಗಳಲ್ಲಿ ಇನ್ನೂ ನಗುವ ಮುಖಗಳಿದ್ದವು.

"ಏನ್ ಶೀನಪ್ಪಾ, ಡ್ರೈವರ್ ಅಷ್ಟು ಜೋರಾಗ್ ಓಡಿಸಿದ್ನಾ? ತಲೆಗೆ ಕುಕ್ಕೆ ತಗೊಂಡು ಬಂದಿದ್ದೀಯ?" ಎಂದಳು ಆಂಜಿನಮ್ಮ.

"ರೇಸಿಂದು ಅಕ್ಕಾ. ಎಂಬತ್ತು ಕುದುರೆ ಅಂದ್ರೆ ಸುಮ್ನೇನಾ?"

"ಎಂಬತ್ತಾ! ನಮ್ಮನೇಲಿ ಒಂದು ಎಮ್ಮೆ ಕಟ್ಟೋಕೆ ಜಾಗ ಇಲ್ಲ, ಇವರು ಡಬ್ಬದಲ್ಲಿ ಎಂಬತ್ತು ಕುದುರೆ ಕಟ್ಟವ್ರೆ. ಲದ್ದಿ ಯಾರು ಬಾಚೋರು?"

ಅವನು ನಗುತ್ತ ಮುನಿಯಲ್ಲಪ್ಪನ ಕಡೆ ತಿರುಗಿದ. "ಅಣ್ಣಾ, ನೀನೂ ಪಕ್ಕದಲ್ಲಿ ಕೂತ್ಕೋ. ನಮ್ಮ ಶಾಮಲ ಬಿಡೋದೇ ಇಲ್ಲ ಅಂತ ಹಟ ಹಿಡಿದಿದ್ಲು. ಮುನಿಯಲ್ಲಪ್ಪಣ್ಣ ಕಿವಿಯಾರ ಕೇಳಿ ಗಟ್ಟಿ ಅಂದವ್ರೆ ಅಂದ್ಮೇಲೆ ಒಪ್ಪಿದ್ದು."

"ಹೂಂ" ಎಂದ ಮುನಿಯಲ್ಲಪ್ಪ. ಈ ಸಲ ಎಲ್ಲವೂ ಕೇಳಿಸಿತ್ತು.

ಕಾರಿನಲ್ಲಿ ಅವನ ಜಾಗ ಎಡಗಡೆಯ ಸೀಟು. ಹಾಗಾಗಿ ಓಡಿಸುವವನ ಬಾಯಿ ಇದ್ದದ್ದು ಅವನ ಬಲಗಿವಿಯ ಪಕ್ಕಕ್ಕೇ. ಕೇಳಿಸಲಿಲ್ಲ ಎಂಬ ಅನುಕೂಲ ಈ ಸೀಟಿನಲ್ಲಿ ಇರಲಿಲ್ಲ. ಶ್ರೀನಿವಾಸಪ್ಪ ಸಂಸಾರದ ಮಾತಾಡುತ್ತ ಹೋದ: ಹೆಂಡತಿ ಶಾಮಲಳಿಗೆ ಏಳು ತಿಂಗಳು, ಹೆಣ್ಣಾದರೆ ಇಂಥ ಹೆಸರು, ಗಂಡಾದರೆ ಇಂಥದ್ದು. ಮುನಿಯಲ್ಲಪ್ಪನ ಮನಸ್ಸು ಅಂಗಾಲಿನಲ್ಲಿತ್ತು. ತಗಡಿನ ಆಚೆ ನಾಲ್ಕು ರಾಡುಗಳು ಮೇಲೆ ಕೆಳಗೆ ಆಡುತ್ತಿದ್ದವು. ನಾಲ್ಕನೆಯದು ಕಿತ್ತುಕೊಂಡರೆ ಮೊದಲು ಇಂಜಿನ್ನಿನ ಪಕ್ಕೆ ಒಡೆದು ಹೊರಗೆ ಬರುತ್ತದೆ, ಆಯಿಲ್ ಚಕ್ರದ ಕೆಳಗೆ ಹರಿಯುತ್ತದೆ, ಮುಂದಿನದೆಲ್ಲ ರಸ್ತೆಯ ಕೈಯಲ್ಲಿ. ದಾರಿಯ ಪಕ್ಕಕ್ಕೇ ಇರುವ ದೇವರಾಯಸಮುದ್ರದ ಕೆರೆ ಈ ವರ್ಷ ತುಂಬಿದೆ ಎಂಬುದು ಯಾಕೋ ಅವನಿಗೆ ನೆನಪಾಯಿತು. ತುಂಬಿದಾಗ ಊರವರ ಜೊತೆ ಅವನೂ ಸಂತೋಷಪಟ್ಟಿದ್ದ.

ದೇವರಾಯಸಮುದ್ರದ ಹತ್ತಿರ ರಸ್ತೆಯ ಅಗಲಕ್ಕೂ ರಾಗಿ. ನಡುವೆ ಒಬ್ಬ ಮುದುಕಿ ಕೋಲು ಅಡ್ಡ ಹಿಡಿದು ನಿಂತಿದ್ದಳು. ಮುನಿಯಲ್ಲಪ್ಪನಿಗೆ ಗುರುತಿದ್ದ ದೊಡ್ಡಗಂಗಮ್ಮ. ಸುಗ್ಗಿ ಬಂದರೆ ಈ ಅರ್ಧ ಮೈಲಿ ಹೆದ್ದಾರಿಗೆ ಅವಳೇ ಇನ್‌ಸ್ಪೆಕ್ಟರು.

"ನಿಲ್ಸೋ! ಸುಮ್ನೆ ನಡುಮಧ್ಯ ತುಳ್ಕೊಂಡು ಹೋದ್ರೆ ಆಯ್ತಾ? ಆ ಅಂಚಿಂದು ಯಾರು ತುಳೀತಾರೆ? ಹಿಂದಕ್ಕೋಗಿ ಇನ್ನೊಂದ್ಸಲ ಬಾ."

"ಅಜ್ಜೀ, ಇದು ರೇಸ್ ಕಾರು!"

"ಏದೈತೇ ಏಮ್ರಾ, ಯಾವುದಾದ್ರೇನು, ಚಕ್ರ ಐತಲ್ಲ! ಮೆಲ್ಲಗೆ ಹೋಗು, ಕಾಳು ಒಡೀತದೆ."

ಕೆಂಪು ಹೆಲ್ಮೆಟ್ಟಿನ ಶ್ರೀನಿವಾಸಪ್ಪ ಹಿಂದಕ್ಕೆ ಹೋದ, ಮುಂದಕ್ಕೆ ಬಂದ. ನಿಧಾನವಾಗಿ ಓಡಲು ಗೊತ್ತೇ ಇಲ್ಲದ ಆ ಇಂಜಿನ್ನು ಕೆಮ್ಮಿ, ಮುಗ್ಗರಿಸಿ, ಇಬ್ಬರ ತಲೆಯನ್ನೂ ಕೋಳಿಯ ತಲೆಯ ಹಾಗೆ ಆಡಿಸಿತು. ಆರು ಸಲ ಆಯಿತು. ಏಳನೆಯ ಸಲಕ್ಕೆ ಮುದುಕಿ ತೃಪ್ತಿಯಿಂದ ಕೋಲು ಎತ್ತಿ, "ಲಾರಿಗಿಂತ ವಾಸಿ ಕಣೋ, ಸಂಜೆಗೂ ಬಾ" ಎಂದಳು. ಹಾಗೇ ಹಿಂದಕ್ಕೂ ಮುಂದಕ್ಕೂ ಸಾಯಂಕಾಲದವರೆಗೆ ಓಡಾಡಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡ ಮುನಿಯಲ್ಲಪ್ಪ. ರಾಗಿಗಾಗಿ ಅಷ್ಟೊಂದು ಶ್ರದ್ಧೆ ಅವನಿಗೆ ಹಿಂದೆಂದೂ ಬಂದಿರಲಿಲ್ಲ.

ರಾಗಿ ದಾಟಿದರೆ ಮುಂದೆ ರಸ್ತೆ ಬರಿದು, ದಾರ ಎಳೆದ ಹಾಗೆ ನೇರ. ಶ್ರೀನಿವಾಸಪ್ಪ ಕಾರು ನಿಲ್ಲಿಸಿ, ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು, ಎರಡು ಕೈಯಲ್ಲೂ ಸ್ಟಿಯರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡ. ಅವನ ಕೈಬೆರಳಿನಲ್ಲಿ ಮದುವೆಯ ಉಂಗುರ ಬಿಗಿಯಾಗಿ ಕೂತಿತ್ತು. ಮಂಡಿಯ ಊಟ, ಬೆರಳು ದಪ್ಪಗಾಗಿತ್ತು.

"ಈಗ ಬಿಡಲೇನಣ್ಣಾ, ಪೂರ್ತಿ?"

ಹೂಂ ಎಂಬುದು ಮುನಿಯಲ್ಲಪ್ಪನ ಗಂಟಲಿನವರೆಗೆ ಬಂದಿತ್ತು. ಎರಡು ವರ್ಷದ ಅಭ್ಯಾಸ. ಬಾಯಿ ತೆರೆಯುವುದೂ ಬೇಕಿಲ್ಲ, ಮೂಗಿನಲ್ಲೇ ಹೋಗುತ್ತದೆ. ಅವನು ಕೈ ಚಾಚಿ ಬೀಗದ ಕೈ ತಿರುಗಿಸಿ ಇಂಜಿನ್ನು ನಿಲ್ಲಿಸಿದ. ಕೆರೆಯ ಕಡೆಯಿಂದ ಹಕ್ಕಿಗಳ ಸದ್ದು ಒಂದೇ ಕಿವಿಗೆ ಬಂತು.

"ಬೇಡ ಶೀನಪ್ಪ. ನಾಲ್ಕನೇ ರಾಡಿನ ಸದ್ದು ನಂಗೆ ಸರಿಯಾಗಿ ಕೇಳಿಸಲಿಲ್ಲ."

"ಮತ್ತೆ ನಾನು ಕೇಳಿದಾಗ ಹೂಂ ಅಂದೆ?"

"ನೀನು ಕೇಳಿದ್ದೂ ಕೇಳಿಸಲಿಲ್ಲ."

ಶ್ರೀನಿವಾಸಪ್ಪ ಹೆಲ್ಮೆಟ್ಟು ತೆಗೆದು ತೊಡೆಯ ಮೇಲಿಟ್ಟುಕೊಂಡ. ಬಯ್ಗುಳಕ್ಕೆ ಮುನಿಯಲ್ಲಪ್ಪ ಬೆನ್ನು ಬಗ್ಗಿಸಿ ಸಿದ್ಧನಾಗಿ, "ಎಡಗಿವಿ ಹೋಗೈತೆ. ಎರಡು ವರ್ಷ ಆಯ್ತು. ಯಾರಿಗೂ ಹೇಳಿಲ್ಲ" ಎಂದ.

"ಹೇಳೋದೇನು, ಬಸ್‌ಸ್ಟ್ಯಾಂಡಿಗೆಲ್ಲ ಗೊತ್ತಲ್ಲಣ್ಣ" ಎಂದ ಅವನು, ಮುಖ ಎತ್ತದೆ. "ಮುನಿಯಲ್ಲಪ್ಪನ ಹತ್ರ ಏನಾದ್ರೂ ಆಗಬೇಕಾದ್ರೆ ಎಡಕ್ಕೆ ನಿಂತು ಕೇಳಬೇಕು ಅಂತಾರೆ. ಅವತ್ತು..." ಅವನ ಬೆರಳು ಹೆಲ್ಮೆಟ್ಟಿನ ಅಂಚನ್ನು ಸುತ್ತುತ್ತಿತ್ತು. "ಅವತ್ತು ನಾನೂ ಬೇಕೂಂತಲೇ ಎಡಕ್ಕೆ ನಿಂತ್ಕೊಂಡೆ. ನೀನು ನಾಲ್ಕನೇದನ್ನ ಎರಡೆರಡು ಸಲ ತಟ್ಟಿದ್ದು ನೋಡ್ದೆ. ಇನ್ನು ಬೇಡ ಅಂತೀಯೇನೋ ಅಂತ ಭಯ ಆಯ್ತು."

ಭಜನೆ ಮಂಡಳಿ, ಹೋತ, ಅತ್ತೆ ಎಲ್ಲವೂ ಒಂದೊಂದಾಗಿ ಮುನಿಯಲ್ಲಪ್ಪನ ಮುಂದೆ ಬಂದು, ಎಡಗಡೆಯಲ್ಲೇ ಸಾಲಾಗಿ ನಿಂತವು. ಒಳ್ಳೆಯವನೆಂಬ ಹೆಸರು ಆ ರಸ್ತೆಯ ಮೇಲೆ ಹೊಟ್ಟಿನ ಹಾಗೆ ಹಾರಿಹೋಯಿತು. ಕಾರನ್ನು ತಿರುಗಿಸಿ, ಹುಲ್ಲಿನ ಗಾಡಿಯೊಂದರ ಹಿಂದೆ ಎತ್ತಿನ ಹೆಜ್ಜೆಗೆ ಹೆಜ್ಜೆಯಿಟ್ಟು, ಅವರು ಶೆಡ್ಡಿಗೆ ವಾಪಸು ಬಂದರು.

ಇಂಜಿನ್ನು ಬಿಚ್ಚುವುದಕ್ಕೆ ಆ ದಿನವೆಲ್ಲ ಹಿಡಿಯಿತು. ಶ್ರೀನಿವಾಸಪ್ಪ ಬಸ್ಸು ಹತ್ತಿ ಹೋಗಿ ಮರುದಿನ ಮಧ್ಯಾಹ್ನ ಬರುವಷ್ಟರಲ್ಲಿ ರಾಡುಗಳು ಮತ್ತೆ ತೊಲೆಯಿಂದ ತೂಗುತ್ತಿದ್ದವು. ಮುನಿಯಲ್ಲಪ್ಪ ಸುತ್ತಿಗೆ ಹಿಡಿದು ನಿಂತ. ತಟ್ಟಲಿಲ್ಲ. ಬಾಗಿಲಿನ ಕಡೆ ತಿರುಗಿ, "ಇಲ್ಲಿ ಬಾರೇ" ಎಂದ.

ಆಂಜಿನಮ್ಮ ಅವರೆಕಾಯಿಯಿಂದ ಕಣ್ಣೆತ್ತಲಿಲ್ಲ. "ನಂಗೇನ್ ಗೊತ್ತಾಗ್ತದೆ? ನಾನು ಸಂತೇಲಿ ಮಡಕೆ ತಟ್ಟೋಳು."

ಎಂಟು ವರ್ಷ ಇಟ್ಟಿದ್ದರೂ ಮಾತಿಗೆ ಒಂದು ಚೂರು ತುಕ್ಕು ಹಿಡಿದಿರಲಿಲ್ಲ. ಶ್ರೀನಿವಾಸಪ್ಪ ತೊಲೆ ನೋಡುತ್ತಿದ್ದ. ಸ್ವಲ್ಪ ಹೊತ್ತು ಇಬ್ಬರನ್ನೂ ಕಾಯಿಸಿ, ಅವಳು ಮಡಿಲು ಕೊಡವಿಕೊಂಡು ಎದ್ದಳು. ಸುತ್ತಿಗೆ ಕೊಡಲು ಹೋದರೆ, "ಅದು ಬೇಡ, ಕಿವಿಗೆ ಹೊಡೀತದೆ" ಎಂದು ಒಳಗಿನಿಂದ ಕಬ್ಬಿಣದ ಸೌಟು ತಂದಳು. ಮಡಕೆ ಕೊಳ್ಳುವಾಗಿನ ಹಾಗೆ ತಲೆಯನ್ನು ಒಂದು ಕಡೆ ವಾಲಿಸಿ, ಕಣ್ಣು ಮುಚ್ಚಿ, ಮೊದಲು ನಾಲ್ಕನೆಯದನ್ನೇ ತಟ್ಟಿದಳು. ಕೇಳಿದಳು. ಇನ್ನೊಮ್ಮೆ ತಟ್ಟಿದಳು.

"ಇದಕ್ಕೇನಾಗೈತೆ? ಚೆನ್ನಾಗೇ ಐತೆ."

ಶ್ರೀನಿವಾಸಪ್ಪ ಉಸಿರು ಬಿಟ್ಟ. ಮುನಿಯಲ್ಲಪ್ಪನೂ ಬಿಟ್ಟ, ಆದರೆ ಅರ್ಧ. ಹಾಗಾದರೆ ಕೆಮ್ಮಿದ್ದು ಕಿವಿಯೇ. ಕಂಪನಿಯದು ಗಟ್ಟಿ, ಹೋಗಿರುವುದು ತನ್ನದು. ಅವಳು ಮೂರನೆಯದನ್ನು ತಟ್ಟಿ ದಾಟಿದಳು. ಎರಡನೆಯದರ ಮುಂದೆ ನಿಂತಳು. ಸೌಟನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿ ಮತ್ತೆ ತಟ್ಟಿದಳು.

"ಇದು ಮನೆಗೆ ತಗೊಂಡೋಗೋ ಮಡಕೆ ಅಲ್ಲ."

"ಎರಡನೇದಾ? ಎರಡನೇದು ನಾನು ನೋಡಿದೀನಲ್ಲೇ!"

"ಹೂಂ, ನೋಡಿರ್ತೀಯ. ಕೇಳಿರಲ್ಲ."

ಕಿವಿಯಿಲ್ಲದವರ ಕೆಲಸವೇ ಉಳಿದಿತ್ತು. ಮುನಿಯಲ್ಲಪ್ಪ ಬೋಗುಣಿಗೆ ಸೀಮೆಎಣ್ಣೆ ಸುರಿದು ರಾಡನ್ನು ಮುಳುಗಿಸಿಟ್ಟ, ತೆಗೆದು ಒರೆಸಿದ, ಸೀಮೆಸುಣ್ಣ ಉಜ್ಜಿ ಉದುರಿಸಿದ. ಉಕ್ಕು ವಿಭೂತಿ ಬಳಿದ ತೋಳಿನ ಹಾಗೆ ಬೆಳ್ಳಗಾಯಿತು. ಮೂವರೂ ಬಗ್ಗಿ ನೋಡುತ್ತ ನಿಂತರು. ರಸ್ತೆಯಲ್ಲಿ ಎರಡು ಲಾರಿ ಹಾದವು. ಆಮೇಲೆ ಬೋಲ್ಟು ಕೂರುವ ಹೆಗಲಿನ ಹತ್ತಿರ, ಬಿಳಿಯ ಮೇಲೆ, ಕೂದಲಿಗಿಂತ ತೆಳುವಾದ ಒದ್ದೆ ಗೆರೆಯೊಂದು ತಾನಾಗಿ ಮೂಡಿ, ಸ್ವಲ್ಪ ಬೆಳೆದು, ನಿಂತಿತು. ಅನುಮಾನಪಟ್ಟದ್ದರಲ್ಲಿ ಏನೂ ಇರಲಿಲ್ಲ. ಅನುಮಾನವೇ ಬಾರದೆ ತಲೆಯಾಡಿಸಿ ದಾಟಿಹೋಗಿದ್ದರಲ್ಲಿ ಅದು ಕೂತಿತ್ತು. ನಿನ್ನೆ ನಾಲ್ಕನೆಯದಕ್ಕೆಂದು ಹೇಳಿದ ನಿಜ ಎರಡನೆಯದರಿಂದ ಉಳಿಸಿತ್ತು. ಅದಕ್ಕೆ ತಾನು ಹಿಗ್ಗಬೇಕೋ ನಾಚಬೇಕೋ ಮುನಿಯಲ್ಲಪ್ಪನಿಗೆ ತಿಳಿಯಲಿಲ್ಲ.

ಶ್ರೀನಿವಾಸಪ್ಪ ಗೆರೆಯನ್ನು ಮುಟ್ಟಲು ಹೋಗಿ ಬೆರಳು ಹಿಂದಕ್ಕೆ ತೆಗೆದುಕೊಂಡ. "ಇನ್ನೊಂದು ರಾಡು ತರ್ತೀನಣ್ಣ" ಎಂದ. "ಕಂಪನಿದೇ. ನಾಲ್ಕೈದು ತಂದುಬಿಡ್ತೀನಿ, ಅಕ್ಕ ತಟ್ಟಿ ಆರಿಸಲಿ. ರೇಸಿಗಿನ್ನೂ ಎರಡು ತಿಂಗಳೈತೆ."

ಆಂಜಿನಮ್ಮ ಸೌಟು ಒರೆಸಿಕೊಂಡು ಹೋಗಿ ಮತ್ತೆ ಬಾಗಿಲಲ್ಲಿ ಕೂತಿದ್ದಳು. ಈಗ ಅವಳ ಬೆನ್ನು ಶೆಡ್ಡಿನ ಕಡೆಗಿರಲಿಲ್ಲ, ರಸ್ತೆಯ ಕಡೆಗಿತ್ತು. ಮುನಿಯಲ್ಲಪ್ಪ ಹೋಗಿ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಯೋಚಿಸಿ, ಎದ್ದು, ಅವಳು ತನ್ನ ಬಲಕ್ಕೆ ಬರುವ ಹಾಗೆ ಜಾಗ ಬದಲಿಸಿ ಕೂತ. ಒಂದು ಅವರೆಕಾಯಿ ತೆಗೆದು ಸುಲಿದ. ಆಮೇಲೆ ಕಾಯಿಗೆ ಹೇಳುವ ಹಾಗೆ, "ಆ ನಂಗಲಿ ಲಾರಿ... ಅವತ್ತು ನೀನಂದದ್ದೇ ಸರಿ ಇತ್ತು" ಎಂದು ಗೊಣಗಿದ.

"ಏನು?" ಎಂದಳು ಆಂಜಿನಮ್ಮ. ಕೂದಲೆಳೆಯ ಬಿರುಕನ್ನು ಕೇಳಿಸಿಕೊಂಡ ಕಿವಿಗೆ ಕೈ ಅಡ್ಡ ಹಿಡಿದುಕೊಂಡು. "ಗಟ್ಟಿಯಾಗಿ ಹೇಳು. ನಂಗೆ ಕೇಳಿಸಲಿಲ್ಲ."

ಶೆಡ್ಡಿನೊಳಗೆ ಶ್ರೀನಿವಾಸಪ್ಪನಿದ್ದ. ರಸ್ತೆಯ ಅಂಚಿನಲ್ಲಿ ಆಗತಾನೆ ನಿಲ್ಲಿಸಿದ ಲಾರಿಯಿಂದ ಡ್ರೈವರು ಇಳಿಯುತ್ತಿದ್ದ, ಹಿಂದೆ ಕ್ಲೀನರು. ಮುನಿಯಲ್ಲಪ್ಪ ಅವರನ್ನೂ ನೋಡಿದ, ಅವಳನ್ನೂ ನೋಡಿದ, ಎದ್ದು ನಿಂತ.

"ಅವತ್ತು ನೀನಂದದ್ದೇ ಸರಿ ಇತ್ತು ಕಣೇ! ಹಲ್ಲು ಕಡಿದಂಗೆ ಅಂದ್ಯಲ್ಲ, ಅದು ಬೇರಿಂಗೇ! ನನ್ನದೇ ತಪ್ಪು!"

ಡ್ರೈವರು ಒಂದು ಕಾಲು ಮೆಟ್ಟಿಲ ಮೇಲೆಯೇ ಇಟ್ಟುಕೊಂಡು ನಿಂತುಬಿಟ್ಟ. ಆಂಜಿನಮ್ಮ ಇನ್ನೊಂದು ಕಾಯಿ ತೆಗೆದುಕೊಂಡು, ಉಗುರಿನಿಂದ ಸೀಳಿ, ಕಾಳುಗಳನ್ನು ಮೊರಕ್ಕೆ ಬಿಟ್ಟಳು.

"ಹೂಂ" ಎಂದಳು.